ಹೆಸರು ಹೇಳಬಾರದ ಗಿಡ

ಸೈಕಲ್ ತುಳಿಯುವುದಕ್ಕೆ ಸಂಬಳ ಕೊಡುತ್ತಾರೆ ಎಂದರೆ ಭದ್ರಾವತಿಯ ನಮ್ಮ ಬೀದಿಯಲ್ಲಿ ಯಾರೂ ನಂಬಲಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ. ಮೊದಲ ತಿಂಗಳ ಹಣ ಖಾತೆಗೆ ಬೀಳುವವರೆಗೆ ನಾನೂ ನಂಬಿರಲಿಲ್ಲ. ನಮ್ಮೂರಲ್ಲಿ ಸೈಕಲ್ ಎಂದರೆ ಕಾರ್ಖಾನೆಗೆ ಹೋಗುವ ಗಾಡಿ. ಅಪ್ಪ ಕೆಲಸದಲ್ಲಿದ್ದಷ್ಟು ಕಾಲ ಕ್ಯಾರಿಯರಿಗೆ ಊಟದ ಡಬ್ಬಿ ಸಿಕ್ಕಿಸಿಕೊಂಡು ಪಾಳಿಗೆ ಹೋಗಿ ಬಂದವರು. ಅವರ ಲೆಕ್ಕದಲ್ಲಿ ಸೈಕಲ್ ತುಳಿಯುವುದು ಕೆಲಸಕ್ಕೆ ಹೋಗುವ ದಾರಿಯೇ ಹೊರತು ಕೆಲಸವಲ್ಲ. ಪಕ್ಕದ ಮನೆಯ ತಮಿಳು ಮಾತಾಡುವ ಅಕ್ಕ ಮಾತ್ರ, ಗೆದ್ದರೆ ಕೊಡುತ್ತಾರಾ ಸೋತರೂ ಕೊಡುತ್ತಾರಾ ಎಂದು ಸರಿಯಾದ ಪ್ರಶ್ನೆ ಕೇಳಿದಳು. ಸೋತರೂ ಕೊಡುತ್ತಾರೆ ಎಂದೆ. ಹಾಗಾದರೆ ಗೌರ್ಮೆಂಟ್ ಕೆಲಸವೇ ಸರಿ ಎಂದುಬಿಟ್ಟಳು.

ನಿಜ ಹೇಳಬೇಕೆಂದರೆ ನನ್ನ ಕೆಲಸವೇ ಸೋಲುವುದಾಗಿತ್ತು. ಬೆಂಗಳೂರಿನ ಒಂದು ಖಾಸಗಿ ತಂಡ ನನ್ನನ್ನು ಒಂದು ವರ್ಷದ ಮಟ್ಟಿಗೆ ತೆಗೆದುಕೊಂಡಿತ್ತು. ಈ ರಾಜ್ಯದಲ್ಲಿ ಸೈಕಲ್ ಎಂದರೆ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗಿಯರದೇ ದರ್ಬಾರು. ನಮ್ಮ ತಂಡದಲ್ಲಿ ಗೆಲ್ಲಬೇಕಾದವಳೂ ಆ ಕಡೆಯವಳೇ. ಅವಳಿಗೆ ಗಾಳಿ ತಾಗದ ಹಾಗೆ ಮುಂದೆ ನಿಂತು ತುಳಿಯುವುದು, ಹಿಂದೆ ಬರುವ ತಂಡದ ಕಾರಿನಿಂದ ನೀರಿನ ಬಾಟಲಿ ತಂದುಕೊಡುವುದು, ಅವಳ ಚಕ್ರ ಪಂಕ್ಚರಾದರೆ ನನ್ನ ಚಕ್ರ ಬಿಚ್ಚಿ ಕೊಟ್ಟು ರಸ್ತೆ ಪಕ್ಕ ನಿಲ್ಲುವುದು, ಇಷ್ಟು ನನ್ನ ಪಾಲಿನದು. ಅದರಲ್ಲಿ ನನಗೆ ಅವಮಾನವೇನೂ ಇರಲಿಲ್ಲ. ವರ್ಷ ಮುಗಿದ ಮೇಲೆ ಇಟ್ಟುಕೊಳ್ಳುತ್ತಾರೋ ಕೈಬಿಡುತ್ತಾರೋ ಎಂಬ ಭಯ ಮಾತ್ರ ಮೊದಲ ದಿನದಿಂದಲೇ ಇತ್ತು. ಬಿ.ಕಾಂ. ಅರ್ಧಕ್ಕೆ ಬಿಟ್ಟವಳು ನಾನು. ಸೈಕಲ್ ಬಿಟ್ಟರೆ ನನಗೆ ಬೇರೆ ಗತಿಯಿರಲಿಲ್ಲ.

ರೇಸ್ ಇಲ್ಲದ ದಿನಗಳಲ್ಲಿ ಶಿವಮೊಗ್ಗದ ಗೋಪಾಳದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿರುತ್ತಿದ್ದೆ. ಇಷ್ಟು ಹತ್ತಿರ ಮನೆ ಇಟ್ಟುಕೊಂಡು ಬಾಡಿಗೆ ಕೊಡುವ ಬುದ್ಧಿ ನಿನಗೆ ಯಾರು ಕೊಟ್ಟರು ಎಂದು ಅಮ್ಮನ ತಕರಾರು. ಸಾಗರದ ರಸ್ತೆ ಅಲ್ಲಿಂದ ಸಲೀಸು, ಏರು ಬೇಕೆಂದರೆ ಏರು, ನೇರ ಬೇಕೆಂದರೆ ನೇರ ಎಂದು ನನ್ನ ವಾದ. ಬೆಳಗ್ಗೆ ಎದ್ದು ಆಯನೂರು ದಾಟಿ ಆಚೆ ಹೋಗಿ ತಿರುಗಿ ಬರುವುದು ನನ್ನ ದಿನಚರಿ. ಆ ವರ್ಷ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಲಾರಿಗಳು ಎಬ್ಬಿಸಿದ ಕೆಂಧೂಳನ್ನು ಇಡೀ ಬೇಸಿಗೆ ಕುಡಿದೆ. ಕೊನೆಗೆ ಒಣಕೆಮ್ಮು ಶುರುವಾಯಿತು. ಏರು ಹತ್ತುವಾಗ ಕೆಮ್ಮು ಬಂದರೆ ಉಸಿರು ಅಲ್ಲೇ ಕಡಿದುಹೋಗುತ್ತಿತ್ತು, ಅದೂ ಪುಣೆ ಕಡೆಯ ಘಟ್ಟದ ರೇಸು ಹತ್ತಿರ ಬಂದಾಗ.

ಔಷಧಿ ತೆಗೆದುಕೊಳ್ಳುವ ಹಾಗಿಲ್ಲ. ಅಂದರೆ, ಕಂಡಕಂಡ ಔಷಧಿ ತೆಗೆದುಕೊಳ್ಳುವ ಹಾಗಿಲ್ಲ. ಮೆಡಿಕಲ್ ಶಾಪಿನ ಸಾದಾ ಕೆಮ್ಮಿನ ಸಿರಪ್ಪಿನಲ್ಲೂ ನಿಷೇಧದ ಪಟ್ಟಿಯಲ್ಲಿರುವ ವಸ್ತು ಇರಬಹುದು. ತಂಡಕ್ಕೆ ಸೇರಿದ ವಾರವೇ ಡಾಕ್ಟರು ನಮ್ಮನ್ನೆಲ್ಲ ಕೂರಿಸಿ ಹೇಳಿದ್ದರು: ನಿಮ್ಮ ಮೈಯೊಳಗೆ ಏನು ಸಿಕ್ಕಿದರೂ ಹೊಣೆ ನಿಮ್ಮದು, ಯಾರು ಕೊಟ್ಟರು, ತಿಳಿದು ಕೊಟ್ಟರೋ ತಿಳಿಯದೆ ಕೊಟ್ಟರೋ ಎಂಬುದು ಆಮೇಲಿನ ಮಾತು. ಅದನ್ನು ಅಮ್ಮನಿಗೂ ಬಿಡಿಸಿ ಹೇಳಿದ್ದೆ. ಮಾತ್ರೆ ಬೇಡ, ಸಿರಪ್ಪು ಬೇಡ, ಟಾನಿಕ್ಕು ಬೇಡ. ಅವಳು ತಲೆಯಾಡಿಸಿದ್ದಳು. ರೇಸಿಗೆ ಮುಂಚೆ ನಾನು ಭದ್ರಾವತಿಯ ಮನೆಗೆ ಹೋಗಿ ಉಳಿದ ಮೂರು ದಿನ ಅವಳು ಮಾತ್ರೆಯ ಸುದ್ದಿ ಎತ್ತಲಿಲ್ಲ. ಬೆಳಗ್ಗೆ ಎದ್ದೊಡನೆ ಒಂದು ಬಾಳೆಹಣ್ಣು ಕೊಡುತ್ತಿದ್ದಳು, ನಾನು ತಿನ್ನುತ್ತಿದ್ದೆ. ಸೈಕಲ್ಲಿನವರು ಬಾಳೆಹಣ್ಣನ್ನು ಬೇಡ ಎನ್ನುವುದುಂಟೇ?

ಕೆಮ್ಮು ನಿಂತಿತು. ತಾನಾಗಿಯೇ ನಿಂತಿತು ಎಂದುಕೊಂಡು ಪುಣೆಗೆ ಹೋದೆ.

ಆ ದಿನ ಘಟ್ಟದ ಅರ್ಧದಲ್ಲೇ ನಮ್ಮ ಮುಖ್ಯ ಸವಾರಳ ಕಾಲಿನ ಸ್ನಾಯು ಹಿಡಿದುಕೊಂಡಿತು. ಅವಳು ಕೈ ಬೀಸಿ ನೀನು ಹೋಗು ಎಂದಳು. ಕಾರಿನಿಂದ ಮ್ಯಾನೇಜರೂ ಹೋಗು ಎಂದು ಕೂಗಿದರು. ಹಾಗೆ ಯಾರೂ ನನಗೆ ಯಾವತ್ತೂ ಹೇಳಿರಲಿಲ್ಲ. ಹೋದೆ. ಎರಡನೆಯವಳಾಗಿ ಗೆರೆ ದಾಟಿದೆ. ಸಂತೋಷದಲ್ಲಿ ಅಳುತ್ತಿದ್ದವಳ ಪಕ್ಕ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಹೆಂಗಸು ಬಂದು ನಿಂತಳು. ಡೋಪಿಂಗ್ ಪರೀಕ್ಷೆಯವಳು. ಅಲ್ಲಿಂದ ಮುಂದೆ ನಾನು ಎಲ್ಲಿಗೆ ಹೋದರೂ ಬೆನ್ನ ಹಿಂದೆ ಅವಳು. ಪದಕ ಹಾಕಿಸಿಕೊಳ್ಳುವಾಗಲೂ, ಶೌಚಾಲಯದಲ್ಲೂ. ಇನ್ನೊಬ್ಬಳು ನೋಡುತ್ತಾ ನಿಂತರೆ ಮೂತ್ರ ಬರುತ್ತದೆಯೇ? ನೀರು ಕುಡಿದು ಕುಡಿದು ಹೊಟ್ಟೆ ಕೊಡವಾದ ಮೇಲೆ ಅಂತೂ ಕೆಲಸ ಮುಗಿಯಿತು. ಈಚೆಗೆ ಏನಾದರೂ ಔಷಧಿ ತಗೊಂಡಿದ್ದೀಯಾ ಎಂದು ಕೇಳಿ ಬರೆದುಕೊಂಡರು. ಜ್ವರದ ಮಾತ್ರೆ ಕೂಡ ಇಲ್ಲ ಎಂದು ಜಂಬದಿಂದಲೇ ಹೇಳಿದೆ.

ಆಮೇಲೆ ಮನೆಗೆ ಫೋನ್ ಮಾಡಿದೆ. ಅಪ್ಪ ಏನೂ ತೋಚದೆ ಹ್ಞೂಂ ಹ್ಞೂಂ ಎಂದು ಅಮ್ಮನ ಕೈಗೆ ಕೊಟ್ಟರು. ಅಮ್ಮ ಮೊದಲು ಕೇಳಿದ್ದು ಕೆಮ್ಮು ಬಂತಾ ಎಂದು. ಬರಲಿಲ್ಲ ಎಂದೆ.

"ನೋಡಿದ್ಯಾ," ಎಂದಳು, ದನಿಯಲ್ಲಿ ಹೆಮ್ಮೆ ತುಂಬಿಕೊಂಡು. "ಆಯನೂರಜ್ಜಿ ಕೈಗುಣ ಅಂದ್ರೆ ಅದು. ನಿನಗೆ ಹೇಳಿದ್ರೆ ತಿಂತಿರ್ಲಿಲ್ಲ. ಮೂರು ದಿನದ್ದು ಕಟ್ಟಿಸ್ಕೊಂಡು ಬಂದು ಬಾಳೆಹಣ್ಣೊಳಗೆ ಇಟ್ಟು ಕೊಟ್ಟೆ."

ಫೋನ್ ಹಿಡಿದುಕೊಂಡೇ ಗೋಡೆಗೆ ಒರಗಿ ಕೂತೆ.

ಆ ಅಜ್ಜಿಯ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ಆಯನೂರಿನಿಂದ ಸ್ವಲ್ಪ ಒಳಗೆ ಹೋದರೆ ಒಂದು ಊರು. ಅಲ್ಲಿ ಉಬ್ಬಸಕ್ಕೆ ನಾಟಿ ಔಷಧಿ ಕೊಡುವವಳು. ಅಮ್ಮನಿಗೆ ಉಬ್ಬಸ. ಚಳಿ ಬಿದ್ದರೆ ಸಾಕು, ಎದೆಯೊಳಗೆ ಸಿಳ್ಳೆ ಹೊಡೆಯುವುದಕ್ಕೆ ಶುರು. ಭದ್ರಾವತಿಯ ಡಾಕ್ಟರು ಕೊಟ್ಟ ಇನ್ಹೇಲರ್ ಇದೆ, ಅದನ್ನು ಎಳೆದುಕೊಳ್ಳುತ್ತಾಳೆ. ಆದರೆ ನಂಬಿಕೆಯೆಲ್ಲ ಅಜ್ಜಿಯ ಮೇಲೆ. ಪ್ರತಿ ವರ್ಷ ಕೆಲವು ಭಾನುವಾರ ಮೊದಲ ಬಸ್ಸಿಗೆ ಹೋಗಿ, ಖಾಲಿ ಹೊಟ್ಟೆಯಲ್ಲಿ ಅವಳ ಕೈಯಿಂದ ಒಂದು ಚಿಟಿಕೆ ಔಷಧಿ ತಿಂದು ಬರುತ್ತಾಳೆ. ಅಜ್ಜಿ ದುಡ್ಡು ಮುಟ್ಟುವುದಿಲ್ಲ. ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ ಇಟ್ಟರೆ ಮುಗಿಯಿತು. ಏನು ಗಿಡ, ಏನು ಬೇರು ಎಂದು ಕೇಳುವ ಹಾಗಿಲ್ಲ. ಹೆಸರು ಹೇಳಿದರೆ ಔಷಧಿಯ ಗುಣ ಹೋಗುತ್ತದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಅದರಿಂದ ನನ್ನ ಕುತ್ತಿಗೆಗೇ ಬರುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲೇ. ಹುಟ್ಟುವಾಗಲೇ ಮುಷ್ಟಿ ಬಿಗಿದುಕೊಂಡು ಬಂದವಳು ಎಂದು ಅಮ್ಮ ಹೇಳುತ್ತಿರುತ್ತಾಳೆ. ಎಲ್ಲ ಮಕ್ಕಳೂ ಹಾಗೇ ಬರುತ್ತವೆ ಎಂದರೆ, ನೀನಿನ್ನೂ ಬಿಚ್ಚಿಲ್ಲವಲ್ಲ ಎನ್ನುತ್ತಾಳೆ. ಅವತ್ತು ಫೋನಿನಲ್ಲಿ ನಾನು ಕೇಳಿದ್ದು ಒಂದೇ ಮಾತು.

"ನನಗೆ ಮದ್ದು ಹಾಕಿದ್ಯಾ?"

ನಮ್ಮ ಕಡೆ ಮದ್ದು ಹಾಕುವುದು ಎಂದರೆ ಅನ್ನದಲ್ಲಿ ವಿಷ ಇಟ್ಟು ಕೊಡುವುದು. ಹೆತ್ತವಳಿಗೆ ಆಡುವ ಮಾತಲ್ಲ. ಆ ಕಡೆಯಿಂದ ಅಪ್ಪನ ದನಿ ಬಂತು, ಏನಮ್ಮ ಆಯ್ತು, ಅಮ್ಮ ಯಾಕೆ ಒಳಗೆ ಹೋದಳು ಎಂದು.

ತಂಡದ ಡಾಕ್ಟರಿಗೆ ಹೇಳದೆ ವಿಧಿಯಿರಲಿಲ್ಲ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು. ಗಿಡಕ್ಕಿಂತ ಮಾತ್ರೆಯದೇ ನನಗೆ ಭಯ ಎಂದರು. ಕೆಲವು ಕಡೆ ನಾಟಿ ಪುಡಿ ಎಂದು ಕೊಡುವುದರಲ್ಲಿ ಸ್ಟೆರಾಯ್ಡ್ ಮಾತ್ರೆ ಅರೆದು ಸೇರಿಸಿರುತ್ತಾರೆ, ಉಬ್ಬಸಕ್ಕೆ ಅದು ಬೇಗ ಹಿಡಿಯುತ್ತದೆ, ನಿನ್ನದೂ ಅದೇ ಆಗಿದ್ದರೆ ವರ್ಷಗಟ್ಟಲೆ ನಿಷೇಧ. ಆ ಔಷಧಿಯನ್ನೇ ಪರೀಕ್ಷೆಗೆ ಕೊಡೋಣ ಎಂದರೆ ನಾನು ತಿಂದದ್ದು ತಿಂದಾಗಿತ್ತು, ಅಜ್ಜಿ ಪ್ರತಿ ಸಲ ಹೊಸದಾಗಿ ಅರೆಯುವವಳು. ಅದು ಏನು ಅಂತ ತಿಳಿದುಕೊಂಡು ಬಾ, ಹೆಸರು ಸಿಕ್ಕರೆ ಮುಂದೆ ಏನು ಮಾಡುವುದು ನೋಡೋಣ, ಅಲ್ಲಿಯವರೆಗೆ ಮ್ಯಾನೇಜರಿಗೆ ನಾನೇ ಹೇಳುತ್ತೇನೆ ಎಂದರು. ಫಲಿತಾಂಶ ಯಾವಾಗ ಬರುತ್ತದೆ ಎಂದು ಕೇಳಿದೆ. ತಪ್ಪು ಸಿಕ್ಕಿದರೆ ಕಾಗದ ಬರುತ್ತದೆ, ಇಲ್ಲದಿದ್ದರೆ ಯಾರೂ ನಿನಗೆ ಫೋನ್ ಮಾಡಿ ಏನಿಲ್ಲ ಎಂದು ಹೇಳುವುದಿಲ್ಲ ಎಂದರು. ಅಂದರೆ ಕಾಯುವುದಕ್ಕೆ ಕೊನೆಯೇ ಇಲ್ಲ.

ಗೋಪಾಳಕ್ಕೆ ವಾಪಸು ಬಂದವಳೇ ಮಾರನೆಯ ಬೆಳಗ್ಗೆ ಸೈಕಲ್ ಹತ್ತಿ ಅಜ್ಜಿಯ ಊರಿಗೆ ಹೋದೆ. ಕಿರಿದಾದ ಚಡ್ಡಿ, ಹೆಲ್ಮೆಟ್ಟು, ಟಕಟಕ ಸದ್ದು ಮಾಡುವ ಶೂ ಹಾಕಿಕೊಂಡು ಅಂಗಳದಲ್ಲಿ ನಿಂತವಳನ್ನು ಅಜ್ಜಿ ಮೇಲಿಂದ ಕೆಳಗೆ ನೋಡಿದಳು. ಇಂಥವಳ ಮಗಳು ಎಂದ ಮೇಲೆ ಗುರುತು ಹಿಡಿದು, ಕೂರು ಎಂದು ಒಂದು ಚೊಂಬು ನೀರು ಮತ್ತು ಬೆಲ್ಲ ತರಲು ಒಳಗೆ ಹೋದಳು. ತೆಳ್ಳಗಿನ, ಚುರುಕು ಕಣ್ಣಿನ ಹೆಂಗಸು. ಅವಳು ತಂದು ಮುಂದಿಟ್ಟ ನೀರನ್ನು ಕುಡಿಯುವಷ್ಟೂ ತಾಳ್ಮೆ ನನ್ನಲ್ಲಿರಲಿಲ್ಲ. ನನಗೆ ಕೊಟ್ಟದ್ದು ಏನು ಎಂದು ಕೇಳಿದೆ. ಅದನ್ನು ಹೇಳುವ ಹಾಗಿಲ್ಲ ಎಂದಳು. ನನ್ನ ಕೆಲಸ ಹೋಗುತ್ತದೆ ಎಂದೆ. ಔಷಧಿ ತಿಂದರೆ ಕೆಲಸ ಯಾಕೆ ಹೋಗಬೇಕು ಎಂದು ಅವಳಿಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಸುವ ಸಮಾಧಾನ ನನಗಿರಲಿಲ್ಲ.

"ಅದ್ರಲ್ಲಿ ಇಂಗ್ಲಿಷ್ ಮಾತ್ರೆ ಅರೆದು ಹಾಕ್ತೀರಾ ಅಜ್ಜಿ?" ಎಂದು ನೇರವಾಗಿ ಕೇಳಿಬಿಟ್ಟೆ.

ಅಜ್ಜಿ ಎದ್ದಳು. ನನ್ನ ಮುಂದಿಟ್ಟಿದ್ದ ನೀರಿನ ಚೊಂಬನ್ನು ಎತ್ತಿಕೊಂಡು ಒಳಗೆ ಹೋದಳು. ಕೊಟ್ಟ ನೀರನ್ನು ವಾಪಸು ತೆಗೆದುಕೊಂಡು ಹೋಗುವುದನ್ನು ನಾನು ಅದಕ್ಕೆ ಮುಂಚೆ ಎಲ್ಲೂ ಕಂಡಿರಲಿಲ್ಲ. ಬೆಲ್ಲ ಮಾತ್ರ ಜಗಲಿಯ ಮೇಲೆ ಉಳಿದಿತ್ತು.

ಅಲ್ಲಿಂದ ಮುಂದಿನ ದಿನಗಳು ಹೇಗೆ ಹೋದವೋ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಕಾಗದದ ಸುದ್ದಿಯೇ ಎಂದುಕೊಂಡು ಎತ್ತುತ್ತಿದ್ದೆ. ಅದು ಸಾಲ ಬೇಕಾ ಮೇಡಂ ಎನ್ನುವ ಹುಡುಗಿಯಾಗಿರುತ್ತಿತ್ತು. ಅವಳ ಮೇಲೆ ರೇಗುತ್ತಿದ್ದೆ, ಆಮೇಲೆ ಪಾಪ ಅನ್ನಿಸುತ್ತಿತ್ತು. ಮೇಲ್ ನೋಡುವುದು, ಮುಚ್ಚುವುದು, ಮತ್ತೆ ನೋಡುವುದು. ಸಾಗರದ ರಸ್ತೆಯಲ್ಲಿ ತುಳಿಯುತ್ತಾ ಇದ್ದಕ್ಕಿದ್ದಂತೆ, ಕಾಗದ ಈಗ ಬಂದಿರಬಹುದು ಅನ್ನಿಸಿ, ರಸ್ತೆ ಪಕ್ಕ ನಿಂತು ಫೋನ್ ತೆಗೆಯುತ್ತಿದ್ದೆ. ತರಬೇತಿಯ ಹೊತ್ತಿನಲ್ಲಿ ಯಾಕೆ ಪದೇಪದೇ ನಿಲ್ಲುತ್ತಿದ್ದೀಯಾ ಎಂದು ಬೆಂಗಳೂರಿನಿಂದ ಮ್ಯಾನೇಜರು ಕೇಳಿದರು. ಸೈಕಲ್ಲಿಗೆ ಕಟ್ಟಿದ ಯಂತ್ರ ಅವರಿಗೆ ಎಲ್ಲವನ್ನೂ ವರದಿ ಮಾಡುತ್ತದೆ. ಟ್ರಾಫಿಕ್ಕು ಎಂದೆ. ಆಯನೂರಿನಲ್ಲಿ ಎಂಥ ಟ್ರಾಫಿಕ್ಕು? ಅನ್ನ ಸೇರುತ್ತಿರಲಿಲ್ಲ. ಎರಡನೆಯ ಸ್ಥಾನದ ಪದಕ ಸೂಟ್‌ಕೇಸಿನ ತಳದಲ್ಲಿ ಕಾಲುಚೀಲಗಳ ಜೊತೆ ಬಿದ್ದಿತ್ತು. ಅದನ್ನು ಒಂದು ದಿನ ವಾಪಸು ಕೇಳುತ್ತಾರೆ ಎಂದು ಗೋಡೆಗೆ ಹಾಕಲಿಲ್ಲ.

ಅಮ್ಮನ ಜೊತೆ ಮಾತು ಬಿಟ್ಟಿದ್ದೆ. ಅವಳೇ ಒಂದು ಬೆಳಗ್ಗೆ ಬಸ್ಸು ಹತ್ತಿ ಗೋಪಾಳದ ಕೋಣೆಗೆ ಬಂದಳು. ಅಜ್ಜಿಯ ಮನೆಯ ಸಂಗತಿ ಅವಳ ಕಿವಿಗೆ ಬಿದ್ದಿತ್ತು. ಔಷಧಿ ಕೊಡುವವರ ಹತ್ತಿರ ಹಾಗೆ ಕೇಳುತ್ತಾರೇನೇ ಎಂದು ಬೈದಳು. ನಾನೂ ಬಿಡಲಿಲ್ಲ. ಕಾಗದ ಬಂದರೆ ಏನಾಗುತ್ತದೆ ಎಂದು ಒಂದೊಂದಾಗಿ ಹೇಳಿದೆ. ಸಂಬಳ ನಿಲ್ಲುತ್ತದೆ, ಹೆಸರು ಪೇಪರಿನಲ್ಲಿ ಬರುತ್ತದೆ, ಕಳ್ಳಿ ಎಂದು ಬರೆಯುತ್ತಾರೆ, ನೀನು ಬಾಳೆಹಣ್ಣು ಕೊಟ್ಟೆ ಎಂದರೆ ಯಾರೂ ನಂಬುವುದಿಲ್ಲ, ನಗುತ್ತಾರೆ. ಅಮ್ಮ ಹಾಸಿಗೆಯ ಅಂಚಿನಲ್ಲಿ ಕೂತು ಕೇಳಿದಳು. ಕಳ್ಳಿ ಎಂಬ ಮಾತಿಗೆ ಅವಳ ಮುಖ ಬದಲಾಯಿತು. ಉಳಿದದ್ದು ಅರ್ಥವಾಯಿತೋ ಇಲ್ಲವೋ, ಅದು ಅರ್ಥವಾಯಿತು.

"ಏಳು," ಎಂದಳು. "ಸೀರೆ ಇಲ್ದಿದ್ರೆ ಚೂಡಿದಾರನಾದ್ರೂ ಹಾಕ್ಕೊ."

ದಾರಿಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಕೊಂಡಳು. ಆಯನೂರಿನಲ್ಲಿ ಬಸ್ಸಿಳಿದ ಮೇಲೆ ನಡೆಯಬೇಕು. ಅಮ್ಮ ನಾಲ್ಕು ಹೆಜ್ಜೆ ಹಾಕಿ ನಿಲ್ಲುತ್ತಿದ್ದಳು, ಮರ ನೋಡುವವಳ ಹಾಗೆ ನಟಿಸಿ ಉಸಿರು ಎಳೆದುಕೊಳ್ಳುತ್ತಿದ್ದಳು. ಯಾಕಮ್ಮ, ಆಟೋ ಮಾಡೋಣ ಎಂದರೆ ಬೇಡ, ಔಷಧಿ ಕೇಳಲು ನಡೆದೇ ಹೋಗಬೇಕು ಎಂದಳು. ಎದೆಯ ಸಿಳ್ಳೆ ನನಗೆ ಕೇಳುತ್ತಿತ್ತು.

ಅಜ್ಜಿ ಅಮ್ಮನಿಗೆ ನೀರು ಕೊಟ್ಟಳು, ನನಗೆ ಕೊಡಲಿಲ್ಲ. ಅಮ್ಮ ತಾಂಬೂಲ ಮುಂದಿಟ್ಟು, ಬಹಳ ಹೊತ್ತು ಅದೂ ಇದೂ ಮಾತಾಡಿದಳು. ಮಳೆ, ಅಡಿಕೆಯ ಧಾರಣೆ, ಅಜ್ಜಿಯ ಮೊಣಕಾಲು ನೋವು. ನನಗೆ ಕೂತಲ್ಲೇ ಮುಳ್ಳು. ಕೊನೆಗೆ ಅಮ್ಮ ವಿಷಯಕ್ಕೆ ಬಂದಳು. ಹುಡುಗಿ ತಿಳಿಯದೆ ಒರಟಾಗಿ ಕೇಳಿದ್ದಾಳೆ, ಹೊಟ್ಟೆಗೆ ಹಾಕಿಕೊಳ್ಳಿ ಎಂದಳು. ಆಮೇಲೆ, ಅವಳಿಗೆ ಹೆಸರು ಹೇಳಿ ಎಂದಳು.

ಅಜ್ಜಿ ಅಡಿಕೆ ಕತ್ತರಿಸುತ್ತಾ, ಯಾರೋ ಮೊದಲೇ ಹೇಳಿಕೊಟ್ಟ ಪಾಠದ ಹಾಗೆ ನಿಧಾನವಾಗಿ ವಿವರಿಸಿದಳು. ಹೆಸರನ್ನು ಹೇಳುವುದುಂಟು, ಒಬ್ಬರಿಗೆ ಮಾತ್ರ. ಹೇಳಿದ ಗಳಿಗೆಯಿಂದ ಔಷಧಿ ಹೇಳಿಸಿಕೊಂಡವರದು, ಹೇಳಿದವರ ಕೈಯಲ್ಲಿ ಅದು ನಡೆಯುವುದಿಲ್ಲ. ಅವಳ ಅತ್ತೆ ಅವಳಿಗೆ ಹೇಳಿದ ಮೇಲೆ ಒಂದು ಎಲೆ ಕೂಡ ಕಿತ್ತಿರಲಿಲ್ಲ. ತನ್ನ ಸೊಸೆಯಂದಿರಿಗೆ ಇದು ಬೇಕಾಗಿಲ್ಲ, ಬೆಳಗ್ಗೆ ಬೆಳಗ್ಗೆ ಜನ ಬಾಗಿಲಿಗೆ ಬರುತ್ತಾರೆ ಎಂದು ಗೊಣಗುತ್ತಾರೆ. ಅಷ್ಟು ಹೇಳಿ ಅಜ್ಜಿ ಅಮ್ಮನನ್ನೇ ನೋಡಿದಳು.

"ಹೇಳಿದ್ರೆ ನನ್ನ ಕೈ ಮುಗೀತು ಮಾರಾಯ್ತಿ. ಚಳಿಗಾಲಕ್ಕೆ ನೀನೇನು ಮಾಡ್ತೀಯಾ?"

ಅಮ್ಮ ಉಸಿರು ಎಳೆದುಕೊಂಡು ಹೇಳಿದಳು.

"ಇವಳು ಕೊಡ್ತಾಳೆ."

ನಾನು ಬಾಯಿ ತೆರೆದೆ. ನನಗೆ ಬೇಕಾಗಿದ್ದದ್ದು ಡಾಕ್ಟರಿಗೆ ಹೇಳಲು ಒಂದು ಹೆಸರು. ಔಷಧಿ ಕೊಡುವ ಕೆಲಸವನ್ನು ನಾನು ಕೇಳಿರಲಿಲ್ಲ, ಅಮ್ಮ ನನ್ನನ್ನು ಒಂದು ಮಾತು ಕೇಳಿರಲೂ ಇಲ್ಲ. ಆದರೆ ಅಮ್ಮ ನನ್ನ ಕಡೆ ತಿರುಗಲಿಲ್ಲ, ಅಜ್ಜಿ ಆಗಲೇ ಎದ್ದಾಗಿತ್ತು. ಮನೆಯ ಹಿಂದೆ, ಗದ್ದೆಯ ಅಂಚಿಗೆ ಕರೆದುಕೊಂಡು ಹೋದಳು. ಅಮ್ಮನನ್ನು ಬರಬೇಡ ಎಂದಳು. ನನ್ನ ಕಿವಿಗೆ ಬಾಯಿ ಹಚ್ಚಿ ಹೆಸರು ಹೇಳಿ, ಬಗ್ಗಿ ಒಂದು ಗಿಡ ತೋರಿಸಿದಳು. ನಗು ಬಂತು. ದಿನವೂ ರಸ್ತೆಯ ಪಕ್ಕ ನೋಡುತ್ತಿದ್ದ ಗಿಡ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಮಾಡಿದವರು ಈ ಅಜ್ಜಿಯನ್ನು ಕಂಡಿರಲಿಲ್ಲ. ಎಲೆ ಯಾವಾಗ ಕೀಳಬೇಕು, ಎಷ್ಟು ಕಾಳುಮೆಣಸು, ಹೇಗೆ ಅರೆಯಬೇಕು ಎಂದು ಹೇಳಿದಳು. ಪಕ್ಕದಲ್ಲೇ ಅದರಂಥದೇ ಇನ್ನೊಂದು ಬೆಳೆದಿತ್ತು. ಅದನ್ನು ಮುಟ್ಟಬೇಡ, ಅದು ಹೊಟ್ಟೆ ಕೆಡಿಸುತ್ತದೆ, ಎಲೆ ಉಜ್ಜಿ ವಾಸನೆ ನೋಡಿ ಕೀಳು ಎಂದಳು. ಬೇರೆ ಏನೂ ಸೇರಿಸಲ್ವಾ ಎಂದು ಮೆಲ್ಲಗೆ ಕೇಳಿದೆ. ಈ ಸಲ ಅವಳು ಸಿಟ್ಟಾಗಲಿಲ್ಲ. ಸೇರಿಸಲು ನನಗೇನು ಮೆಡಿಕಲ್ ಶಾಪಿದೆಯಾ ಎಂದಳು. ಆಮೇಲೆ ಮಾತು ತೆಗೆದುಕೊಂಡಳು: ದುಡ್ಡು ಮುಟ್ಟಬಾರದು, ಕೇಳಿ ಬಂದವರಿಗೆ ಇಲ್ಲ ಅನ್ನಬಾರದು, ಹೆಸರು ಯಾರಿಗೂ ಹೇಳಬಾರದು.

ಅಂಗಳಕ್ಕೆ ವಾಪಸು ಬಂದಾಗ ಅಜ್ಜಿ ನನಗೂ ನೀರು ಕೊಟ್ಟಳು.

ಬಸ್ಸಿನಲ್ಲಿ ಕೂತ ಮೇಲೆ ನನ್ನ ಅವಸ್ಥೆ ನನಗೆ ಹೊಳೆಯಿತು. ಯಾವ ಹೆಸರಿಗಾಗಿ ಇಷ್ಟೆಲ್ಲ ಆಯಿತೋ ಅದು ಈಗ ನನ್ನ ಹತ್ತಿರ ಇದೆ, ಡಾಕ್ಟರಿಗೆ ಹೇಳುವ ಹಾಗಿಲ್ಲ. ಹೇಳಿದರೆ ಏನಾಗುತ್ತದೆ? ಗಿಡ ಒಣಗಿಹೋಗುತ್ತದೆಯೇ? ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ಪಕ್ಕದಲ್ಲಿ ಅಮ್ಮ ಕಿಟಕಿಗೆ ತಲೆ ಕೊಟ್ಟು ಸಿಳ್ಳೆಯ ಉಸಿರಾಡುತ್ತಾ ನಿದ್ದೆ ಹೋಗಿದ್ದಳು. ಅವಳು ನಂಬುವವಳು. ಹೇಳಿಬಿಟ್ಟೆ ಎಂದು ಗೊತ್ತಾದರೆ ಆಮೇಲೆ ಯಾರು ಕೊಟ್ಟರೂ ಅವಳಿಗೆ ಅದು ಹತ್ತುವುದಿಲ್ಲ.

ಡಾಕ್ಟರಿಗೆ ಫೋನ್ ಮಾಡಿ ಮಾತ್ರೆ ಗೀತ್ರೆ ಏನೂ ಇಲ್ಲ, ಒಂದು ಎಲೆ, ಕಾಳುಮೆಣಸು ಅಷ್ಟೇ ಎಂದೆ. ಯಾವ ಎಲೆ ಎಂದರು. ಹೇಳುವ ಹಾಗಿಲ್ಲ ಎಂದೆ. ಅವರು ಬಹಳ ಒಳ್ಳೆಯವರು, ಆದರೂ ಅವತ್ತು ತಾಳ್ಮೆ ಕಳೆದುಕೊಂಡರು. ನಿನ್ನ ಭವಿಷ್ಯ ಮುಖ್ಯವೋ ಮೂಢನಂಬಿಕೆ ಮುಖ್ಯವೋ ಎಂದು ಕೇಳಿದರು. ಕಾಗದ ಬಂದರೆ ಆ ದಿನ ಹೇಳುತ್ತೇನೆ ಸರ್, ಬರುವವರೆಗೆ ಕೇಳಬೇಡಿ ಎಂದೆ. ಫೋನ್ ಇಟ್ಟುಬಿಟ್ಟರು.

ನಾನೇ ಹುಡುಕಲು ಕೂತೆ. ಆ ಹೆಸರನ್ನು ಫೋನಿಗೆ ಕೊಟ್ಟರೆ ಒಂದು ಜಿಲ್ಲೆಯವರು ಒಂದು ಗಿಡ ತೋರಿಸುತ್ತಾರೆ, ಇನ್ನೊಂದು ಜಿಲ್ಲೆಯವರು ಇನ್ನೊಂದು. ನಿಷೇಧದ ಪಟ್ಟಿಯಲ್ಲಿ ಇರುವುದು ರಾಸಾಯನಿಕಗಳ ಹೆಸರು. ಗದ್ದೆಯ ಅಂಚಿನ ಸೊಪ್ಪಿನೊಳಗೆ ಯಾವ ರಾಸಾಯನಿಕವಿದೆ ಎಂದು ನನಗೆ ಹೇಳುವವರು ಯಾರು? ಇಷ್ಟು ದಿನ ಗೊತ್ತಿಲ್ಲದೆ ಹೆದರುತ್ತಿದ್ದೆ, ಈಗ ಗೊತ್ತಿದ್ದೂ ಹೆದರುವ ಹಾಗಾಯಿತು. ಅಜ್ಜಿ ಸುಳ್ಳು ಹೇಳಿದ್ದರೆ? ಮಾತ್ರೆ ಸೇರಿಸುವ ಗುಟ್ಟನ್ನು ಮಾತ್ರ ಉಳಿಸಿಕೊಂಡಿದ್ದರೆ? ಅವಳ ಮುಖ ನೆನೆದರೆ ನಾಚಿಕೆಯಾಗುತ್ತಿತ್ತು, ಆದರೂ ಅನುಮಾನ ಬಿಡುತ್ತಿರಲಿಲ್ಲ.

ಮಳೆಗಾಲ ಹಾಗೇ ಹೋಯಿತು. ಕಾಗದ ಬರಲಿಲ್ಲ. ಮುಂದಿನ ಎರಡು ರೇಸುಗಳಲ್ಲಿ ನೀರು ಹೊತ್ತೆ, ಗಾಳಿಗೆ ಅಡ್ಡ ನಿಂತೆ, ನಮ್ಮ ಸವಾರಳು ಗೆದ್ದಳು. ದಸರಾ ಕಳೆದ ಮೇಲೆ ಒಂದು ಮಧ್ಯಾಹ್ನ ಮ್ಯಾನೇಜರ ಫೋನ್ ಬಂತು. ಅವರ ಹೆಸರು ಪರದೆಯ ಮೇಲೆ ಕಂಡೊಡನೆ ಬಂತಪ್ಪಾ ಎಂದುಕೊಂಡು, ಎತ್ತದೆ ಬಿಟ್ಟೆ. ಎರಡನೆಯ ಸಲವೂ ಬಿಟ್ಟೆ. ಮೂರನೆಯದಕ್ಕೆ ಎತ್ತಿದರೆ, ಮುಂದಿನ ವರ್ಷಕ್ಕೂ ನೀನು ಇರುತ್ತೀಯಲ್ಲ, ಸಹಿ ಮಾಡಲು ಯಾವಾಗ ಬರುತ್ತೀಯಾ ಎಂದರು. ಆ ಪರೀಕ್ಷೆ ಸರ್ ಎಂದೆ. ಯಾವ ಪರೀಕ್ಷೆ ಎಂದರು, ಆಮೇಲೆ ನೆನಪಾಗಿ, ಅದು ಯಾವಾಗಲೋ ಮುಗಿದಿದೆ, ಏನೂ ಇರಲಿಲ್ಲ, ಡಾಕ್ಟರು ಹೇಳಲಿಲ್ಲವಾ ಎಂದರು. ಯಾರೂ ಹೇಳಿರಲಿಲ್ಲ. ನೆಲದ ಮೇಲೆ ಕೂತು ಜೋರಾಗಿ ಅತ್ತೆ. ಬೈಯಲು ಯಾರಾದರೂ ಸಿಕ್ಕಿದರೆ ಸಾಕಾಗಿತ್ತು, ಯಾರೂ ಸಿಗಲಿಲ್ಲ.

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಸಹಿ ಹಾಕಿ ಬಂದೆ, ಅನ್ನ ಸೇರತೊಡಗಿತು, ಅಮ್ಮನ ಜೊತೆ ಮೊದಲಿನ ಹಾಗೆ ಜಗಳವಾಡತೊಡಗಿದೆ. ಔಷಧಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಳಿ ಬಿತ್ತು. ಒಂದು ದಿನ ಫೋನಿನಲ್ಲಿ ಅಪ್ಪ ಮಾತಿನ ನಡುವೆ ಹೇಳಿದರು.

"ನಿಮ್ಮಮ್ಮ ಭಾನುವಾರ ಬೆಳಗ್ಗೆ ಕಾಫಿ ಕುಡಿಯೋದು ಬಿಟ್ಟಿದಾಳೆ ಕಣಮ್ಮ. ಮಧ್ಯಾಹ್ನದವರೆಗೂ ಏನೂ ಮುಟ್ಟಲ್ಲ. ಕೇಳಿದ್ರೆ ಹೊಟ್ಟೆ ಸರಿ ಇಲ್ಲ ಅಂತಾಳೆ."

ಖಾಲಿ ಹೊಟ್ಟೆಯಲ್ಲಿ ಕಾಯುತ್ತಿದ್ದಳು. ಎಷ್ಟು ಭಾನುವಾರಗಳಿಂದಲೋ. ನನಗೆ ಒಂದು ಫೋನ್ ಮಾಡಿ ಬಾ ಎನ್ನಬಹುದಿತ್ತು. ಈ ಹೆಂಗಸಿಗೆ ನನಗಿಂತ ಹೆಚ್ಚು ಹಟ.

ಆ ಭಾನುವಾರ ಸೂರ್ಯ ಹುಟ್ಟುವ ಮುಂಚೆ ಸೈಕಲ್ ಹತ್ತಿದೆ. ದಾರಿಯಲ್ಲಿ ಯಾರೊಡನೆಯೂ ಮಾತಾಡಬಾರದು ಎಂದಿದ್ದಳು ಅಜ್ಜಿ. ಟೀ ಅಂಗಡಿಯವರು ಏನಮ್ಮಾ ಇಷ್ಟು ಬೇಗ ಎಂದರು, ಕೈ ಬೀಸಿ ಹೋದೆ. ನಂಬುವವಳಲ್ಲ ನಾನು, ಆದರೂ ಬಾಯಿ ಬಿಡಲಿಲ್ಲ. ಆಯನೂರಿನ ಆಚೆ ರಸ್ತೆಯ ಕೆಳಗೆ ಇಳಿದು ನೋಡಿದರೆ ಗುರುತು ಹಿಡಿಯುವುದೇ ಕಷ್ಟವಾಯಿತು. ಅಜ್ಜಿ ತೋರಿಸಿದಾಗ ಗಿಡ ಎಳೆಯದಿತ್ತು. ಈಗ ಅದು ಬಲಿತು, ಎಲೆ ದಪ್ಪಗಾಗಿ, ಕಡ್ಡಿ ಕೆಂಪಾಗಿತ್ತು. ಪಕ್ಕದಲ್ಲಿ ಆ ಇನ್ನೊಂದು, ಅದೂ ಹಾಗೇ. ಎಲೆ ಉಜ್ಜಿ ಮೂಸಿದೆ. ಇನ್ನೊಂದನ್ನೂ ಮೂಸಿದೆ. ಚಳಿಗೆ ಮೂಗು ಕಟ್ಟಿತ್ತು. ಇದೇ ಅನ್ನಿಸಿತು. ಹೌದು, ಇದೇ. ಅಜ್ಜಿಯನ್ನು ಹೋಗಿ ಕೇಳುವ ಹಾಗಿಲ್ಲ, ಕೊಟ್ಟ ಮೇಲೆ ಅವಳದ್ದಲ್ಲ ಅದು. ಕಿತ್ತು, ಕರವಸ್ತ್ರದಲ್ಲಿ ಸುತ್ತಿ ಬೆನ್ನಿನ ಜೇಬಿಗೆ ಹಾಕಿಕೊಂಡು ಭದ್ರಾವತಿಯವರೆಗೆ ತುಳಿದೆ. ಅಷ್ಟು ವೇಗವಾಗಿ ಆ ವರ್ಷ ಯಾವ ರೇಸಿನಲ್ಲೂ ತುಳಿದಿರಲಿಲ್ಲ.

ಅಮ್ಮ ಹೊಸ್ತಿಲ ಬಳಿ ಶಾಲು ಹೊದ್ದು ಕೂತಿದ್ದಳು. ನನ್ನನ್ನು ನೋಡಿ ಸರಿದು ದಾರಿ ಬಿಟ್ಟಳು. ಒಳಗೆ ಹೋಗಿ ಒರಳಲ್ಲಿ ಮೆಣಸು ಹಾಕಿ ಅರೆದೆ. ಅರೆಯುತ್ತಾ ಮತ್ತೆ ಮೂಸಿದೆ. ಮೆಣಸಿನ ಘಾಟಿಗೆ ಬೇರೆ ವಾಸನೆಯೇ ಬರಲಿಲ್ಲ. ಬಾಗಿಲಿಗೆ ಬಂದು ಬೆರಳ ತುದಿಯಷ್ಟು ತೆಗೆದು ಅವಳ ಮುಂದೆ ಹಿಡಿದೆ. ಏನು ತಂದೆ, ಎಲ್ಲಿಂದ ತಂದೆ, ಸರಿಯಾಗಿ ನೋಡಿ ಕಿತ್ತೆಯಾ ಎಂದು ಒಂದು ಮಾತು ಕೇಳಿದ್ದರೂ ಸಾಕಾಗಿತ್ತು, ಇವತ್ತು ಬೇಡ ಅಂದುಬಿಡುತ್ತಿದ್ದೆ. ಅಮ್ಮ ಕಣ್ಣು ಮುಚ್ಚಿ ಬಾಯಿ ತೆರೆದಳು. ನಾಲಿಗೆಯ ಮೇಲಿಟ್ಟೆ. ಇಟ್ಟ ಕ್ಷಣಕ್ಕೆ ಉಗುಳಮ್ಮ ಎನ್ನಬೇಕು ಅನ್ನಿಸಿತು. ಅಷ್ಟರಲ್ಲಿ ಅವಳು ನುಂಗಿಯಾಗಿತ್ತು.